32 ಕಿ.ಮೀ. ಓಡಲು ಹೊರಟು 19ಕ್ಕೇ ಜೀಪ್ ಹತ್ತಿದೆ

ತೋಟದ ಹಾದಿ | ಭಾನುವಾರ ಬೆಳಿಗ್ಗೆ

ಓಟಗಾರರ ಈ ಆನ್‌ಲೈನ್ ಗುಂಪಿನಲ್ಲಿ ಬರೆಯುವವರೆಲ್ಲ ಓಡಿ ಮುಗಿಸಿದ ಮೇಲೆ ಬರೆಯುತ್ತಾರೆ. ಮುಗಿಸದೆ ಬಂದವಳದೂ ಒಂದು ಇರಲಿ.

ಮಲ್ನಾಡ್ ಅಲ್ಟ್ರಾ ಎಂಬ ಬೆಟ್ಟದ ಓಟದ 50 ಕಿ.ಮೀ.ಗೆ ತಯಾರಿ ನಡೆಸಿದ್ದೇನೆ. ವಾರದ ದಿನಗಳಲ್ಲಿ ಬೆಂಗಳೂರಿನ ತುರಹಳ್ಳಿ ಕಾಡು, ಕಚೇರಿಯ ಮೆಟ್ಟಿಲು. ರಜೆ ಸಿಕ್ಕಾಗ ಮೂಡಿಗೆರೆ ಹತ್ತಿರದ ತವರು. ನಿನ್ನೆ ತೋಟದ ರಸ್ತೆಗಳಲ್ಲಿ 32 ಕಿ.ಮೀ., ಒಟ್ಟು 1,100 ಮೀಟರ್ ಏರು ಎಂದು ದಾರಿ ಗುರುತು ಮಾಡಿಕೊಂಡಿದ್ದೆ. ಚೆನ್ನಾಗಿ ಬೆಳಕಾದ ಮೇಲೆ ಹೊರಟೆ. ರಾತ್ರಿಯೆಲ್ಲ ಸುರಿದ ಮಳೆ ನಿಂತಿತ್ತು, ಗಾಳಿ ಮಾತ್ರ ಒಂದಿಷ್ಟೂ ಇರಲಿಲ್ಲ.

ಹನ್ನೆರಡನೆಯ ಕಿಲೋಮೀಟರಿನ ಹೊತ್ತಿಗೆ ಕಾಲು ಭಾರವಾಯಿತು. ಏರಿನಲ್ಲಿ ನಡೆಯುತ್ತಿದ್ದರೂ ಗಡಿಯಾರ ಎದೆಬಡಿತ 165 ಎಂದು ತೋರಿಸುತ್ತಿತ್ತು. ಸಾಮಾನ್ಯವಾಗಿ ಆ ಏರಿನಲ್ಲಿ ಅದು 140ರ ಆಸುಪಾಸಿನಲ್ಲಿರುತ್ತದೆ. ಬಾಳೆಹಣ್ಣಿನ ವಾಸನೆಗೇ ಹೊಟ್ಟೆ ತೊಳಸಿತು. ಹದಿನೇಳರಲ್ಲಿ ವಾಂತಿ. ಕಾಲು ಗಂಟೆ ಕಲ್ಲಿನ ಮೇಲೆ ಕುಳಿತು, ಒಂದೆರಡು ಗುಟುಕು ನೀರು ಕುಡಿದು, ನಡೆದು ನೋಡಿದೆ. ಹತ್ತೊಂಬತ್ತರಲ್ಲಿ ಡಾಂಬರು ರಸ್ತೆ ಸೇರುವ ಕಡೆ ಒಂದು ಬಸ್ ತಂಗುದಾಣವಿದೆ, ಮೊಬೈಲ್ ಸಿಗ್ನಲ್ ಸಿಗುತ್ತದೆ. ಅಲ್ಲಿಂದ ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿಯವರೆಗೆ 3 ಗಂಟೆ 20 ನಿಮಿಷ ಆಗಿತ್ತು. ಅಣ್ಣ ಜೀಪ್ ತಂದ, ಏನಾಯಿತೆಂದು ಕೇಳಲೂ ಇಲ್ಲ. ಮನೆಗೆ ಬಂದ ಮೇಲೆ ಅತ್ತಿಗೆ ಗಂಜಿ ಕೊಟ್ಟರು. ಅದು ಹೊಟ್ಟೆಯಲ್ಲಿ ನಿಂತಿತು.

ನಿದ್ದೆ, ಊಟ, ನೀರು, ಷೂ, ಎಲ್ಲ ಎಂದಿನಂತೆಯೇ ಇತ್ತು. ಕೇಳಬೇಕಾದದ್ದು ಎರಡೇ. ಉಳಿದ 13 ಕಿ.ಮೀ.ಯನ್ನು ಈ ವಾರದಲ್ಲಿ ಎಲ್ಲಾದರೂ ಸೇರಿಸಿ ಓಡಬೇಕೇ? 32ನ್ನೇ ಮುಗಿಸಲಾಗದವಳು 50ಕ್ಕೆ ಹೋಗುವುದರಲ್ಲಿ ಅರ್ಥವಿದೆಯೇ?

ಬಯಲುಸೀಮೆ

ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಜೀಪ್ ಬರುತ್ತದೆ ಎಂದು ತಿಳಿದಿದ್ದರಿಂದಲೇ ಕಾಲು ಭಾರವಾಯಿತು. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಓಡುವ ನಮಗೆ ಅಣ್ಣನೂ ಇಲ್ಲ, ಜೀಪೂ ಇಲ್ಲ. ನಡೆದೋ ತೆವಳಿಯೋ ಮನೆ ಸೇರುತ್ತೇವೆ. 50 ಕಿ.ಮೀ. ಓಟದಲ್ಲಿ ಇಂತಹ ಗಳಿಗೆ ಬಂದೇ ಬರುತ್ತದೆ. ಅದನ್ನು ದಾಟುವ ಅಭ್ಯಾಸ ತರಬೇತಿಯಲ್ಲಿ ಆಗದಿದ್ದರೆ ಇನ್ನೆಲ್ಲಿ ಆಗಬೇಕು? ಬುಧವಾರ 13 ಓಡಿ, ಲೆಕ್ಕ ಚುಕ್ತಾ ಮಾಡಿ.

ನಿಧಾನವೇ ಪ್ರಧಾನ

ವಾಂತಿ ಮಾಡಿಕೊಂಡು ಕುಳಿತವರಿಗೆ ಹೇಳುವ ಮಾತೇ ಇದು? ಅಣ್ಣ ಇರುವುದು ತಪ್ಪೇ?

ಕಡಲತೀರ

ಮಂಗಳೂರಿನಲ್ಲಿ ಓಡುವವನಾಗಿ ನನಗೆ ನಿಮ್ಮ ಬರಹದಲ್ಲಿ ಕಂಡ ಮುಖ್ಯ ಸಾಲು ‘ಗಾಳಿ ಒಂದಿಷ್ಟೂ ಇರಲಿಲ್ಲ’ ಎನ್ನುವುದು. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಆರಿದರೆ ಆಗುತ್ತದೆ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಅದೇ ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಸಿಗುವ ಲಾಭ ಹೆಚ್ಚುಕಡಿಮೆ ಸೊನ್ನೆ, ನೀರೂ ಉಪ್ಪೂ ಮಾತ್ರ ನಷ್ಟ. ಮಳೆ ನಿಂತ ಮರುಗಳಿಗೆ ಕಾಫಿ ತೋಟದೊಳಗೆ, ಅದೂ ಸಿಲ್ವರ್ ಓಕ್ ಮರಗಳ ಅಡಿ, ತೇವ ಎಷ್ಟಿರುತ್ತದೆ ಎಂಬುದು ನಿಮಗೇ ಗೊತ್ತು. ಥರ್ಮಾಮೀಟರ್ 23 ಡಿಗ್ರಿ ತೋರಿಸಿ ಮೋಸ ಮಾಡುತ್ತದೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹೋಗುತ್ತದೆ, ಕಾಲಿಗೂ ಬೇಕು, ಕೊನೆಗೆ ಹೊಟ್ಟೆಗೆ ಸಿಗುವುದು ಕಡಿಮೆ. ಆಗ ಎದೆಬಡಿತ ಏರುತ್ತದೆ, ತಿಂದದ್ದು ಅರಗದೆ ಮೇಲೆ ಬರುತ್ತದೆ. ತುರಹಳ್ಳಿಯ ಒಣ ಗಾಳಿಗೆ ಒಗ್ಗಿದ ಮೈ ಒಂದೇ ರಾತ್ರಿಯ ಬಸ್ ಪ್ರಯಾಣದಲ್ಲಿ ಬದಲಾಗುವುದಿಲ್ಲ. ಬಿಸಿಗೂ ತೇವಕ್ಕೂ ಒಗ್ಗಲು ಒಂದರಿಂದ ಎರಡು ವಾರ ಬೇಕು.

ಬಯಲುಸೀಮೆಯವರೇ, ನಿಮ್ಮ ಜೋಗಿಮಟ್ಟಿಯಲ್ಲಿ ಗಾಳಿ ಹೇಗೆ ಬೀಸುತ್ತದೆ ಎಂದು ನೋಡಲು ಬಂದವರು ಅಲ್ಲಿ ಗಾಳಿಯಂತ್ರಗಳನ್ನೇ ನೆಟ್ಟಿದ್ದಾರೆ. ಹೋಲಿಕೆ ಬೇಡ.

ವಾರ್ಡ್ ಡ್ಯೂಟಿ

ವೈದ್ಯೆಯಾಗಿ ನಾಲ್ಕು ಪ್ರಶ್ನೆ. ಎಷ್ಟು ನೀರು ಕುಡಿದಿರಿ? ಅದರಲ್ಲಿ ಉಪ್ಪು ಇತ್ತೇ? ನೋವಿನ ಮಾತ್ರೆ ನುಂಗಿದ್ದಿರೇ? ಮೂತ್ರದ ಬಣ್ಣ ಹೇಗಿತ್ತು?

ಕೇಳಲು ಕಾರಣವಿದೆ. ವಾಂತಿ, ತಲೆಭಾರ ಬಂದ ಕೂಡಲೇ ‘ನೀರು ಸಾಲದು, ಇನ್ನೂ ಕುಡಿ’ ಎನ್ನುವವರೇ ಹೆಚ್ಚು. ಬರೀ ನೀರನ್ನು ಅತಿಯಾಗಿ ಕುಡಿದರೂ ಇದೇ ಲಕ್ಷಣಗಳು ಬರುತ್ತವೆ, ರಕ್ತದ ಸೋಡಿಯಂ ಇಳಿದು ಹೋಗುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಮಟ್ಟ ಲೀಟರಿಗೆ 135 ಮಿಲಿಮೋಲ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ಇರಬೇಕಾದ್ದಕ್ಕಿಂತ ಕೆಳಗಿತ್ತು. ಓಟದ ನಡುವೆ ಮೈತೂಕ ಹೆಚ್ಚಿಸಿಕೊಂಡವರಿಗೂ ನಾಲ್ಕು ಗಂಟೆಗಿಂತ ಹೆಚ್ಚು ಓಡಿದವರಿಗೂ ಅಪಾಯ ಜಾಸ್ತಿ ಇತ್ತು. ಅಂದರೆ ನಮ್ಮ ನಿಮ್ಮಂಥವರಿಗೆ. ಗೊಂದಲ, ತೀವ್ರ ತಲೆನೋವು, ಕೈಬೆರಳು ಊದಿ ಉಂಗುರ ಬಿಗಿಯಾಗುವುದು, ಇವು ಕಂಡರೆ ಮನೆಗೆ ಹೋಗಿ ಗಂಜಿ ಕುಡಿಯುವುದಲ್ಲ, ನೇರ ಆಸ್ಪತ್ರೆ.

ನೋವಿನ ಮಾತ್ರೆಯ ವಿಷಯ: 80 ಕಿ.ಮೀ. ಓಟದ ದಿನ ಐಬುಪ್ರೊಫೆನ್ ತೆಗೆದುಕೊಂಡ ಗುಂಪಿನಲ್ಲಿ ಶೇ 52 ಮಂದಿಗೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಲಕ್ಷಣ ಕಂಡಿತ್ತು, ತೆಗೆದುಕೊಳ್ಳದ ಗುಂಪಿನಲ್ಲಿ ಶೇ 34. ಈ 2017ರ ಅಧ್ಯಯನ ಓದಿದ ಮೇಲೆ ನಾನು ನನ್ನ ಓಟದ ಚೀಲದಿಂದ ಆ ಮಾತ್ರೆಯನ್ನೇ ತೆಗೆದಿಟ್ಟೆ. ಮೂತ್ರ ಕಪ್ಪು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗುತ್ತಿದೆ ಎಂದರ್ಥ, ಅದಕ್ಕೂ ಆಸ್ಪತ್ರೆಯೇ.

ಇನ್ನೊಂದು. ಇದು ಡೆಂಗಿ ಕಾಲ. ಜ್ವರ ಬರುವ ಹಿಂದಿನ ದಿನ ಓಟ ಕೆಡುವುದು ನಾನು ಬಹಳ ಜನರಲ್ಲಿ ಕಂಡದ್ದು. ಎರಡು ಮೂರು ದಿನ ಮೈಬಿಸಿ ನೋಡಿಕೊಳ್ಳಿ. ಅಲ್ಲಿಯವರೆಗೆ ಬುಧವಾರವೂ ಇಲ್ಲ, 13ಊ ಇಲ್ಲ.

ತೋಟದ ಹಾದಿ

ಕಡಲತೀರದವರಿಗೂ ಡಾಕ್ಟರಿಗೂ ಧನ್ಯವಾದ. ಒಂದೂವರೆ ಲೀಟರ್ ಕುಡಿದಿದ್ದೆ, ಅರ್ಧ ನೀರು, ಅರ್ಧ ಒಆರ್‌ಎಸ್. ಮಾತ್ರೆ ಇಲ್ಲ. ಬಣ್ಣ ಸಾಮಾನ್ಯ. ಈಗ ಜ್ವರವಿಲ್ಲ. ತಿಂದದ್ದು ಗಂಟೆಗೊಂದು ಬಾಳೆಹಣ್ಣು, ಬೆಲ್ಲ ಹಾಕಿದ ಹುರಿಗಡಲೆ ಉಂಡೆ. ಇದೇ ಆಹಾರದಲ್ಲಿ ಹಿಂದೆ ಇದಕ್ಕಿಂತ ಉದ್ದದ ದಾರಿ ಸಲೀಸಾಗಿ ಮುಗಿದಿದೆ. ಅದಕ್ಕೇ ತಲೆ ಕೆಟ್ಟಿರುವುದು.

ಬಯಲುಸೀಮೆಯವರೇ, ಬೇಸರವಿಲ್ಲ. ಆದರೆ ಆ ಜೀಪಿಗೆ ಬ್ರೇಕ್ ಸರಿಯಿಲ್ಲ. ಮನೆಗೆ ಬರುವಷ್ಟರಲ್ಲಿ ಎದೆಬಡಿತ ಮತ್ತೆ 165 ಆಗಿತ್ತು.

ರಾಗಿಮುದ್ದೆ

ಗಂಡಸರು ಕೇಳುವುದಿಲ್ಲ, ನಾನು ಕೇಳುತ್ತೇನೆ. ಮುಟ್ಟಿನ ಯಾವ ದಿನ? ಮುಟ್ಟಿಗೆ ಮೊದಲಿನ ಹತ್ತು ಹನ್ನೆರಡು ದಿನ ಮೈಯ ಒಳಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚೇ ಇರುತ್ತದೆ. ಕಡಲತೀರದವರು ಹೇಳಿದ ತೇವದ ಜೊತೆ ಅದೂ ಸೇರಿದರೆ ಹೇಗಿರುತ್ತದೆ ನೋಡಿ. ನಾನು ಇದನ್ನು ಬರೆದಿಟ್ಟುಕೊಳ್ಳಲು ಆರಂಭಿಸಿದ ಮೇಲೆ ನನ್ನ ಅರ್ಧದಷ್ಟು ‘ಕಾರಣವಿಲ್ಲದ’ ಕೆಟ್ಟ ಓಟಗಳಿಗೆ ಕಾರಣ ಸಿಕ್ಕಿತು.

ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದು ಕಬ್ಬಿಣದ ದಾಸ್ತಾನು ಬರಿದಾಗಿರುವುದುಂಟು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಓಡುವವರೇನೂ ಅದರಿಂದ ಹೊರಗಿಲ್ಲ. ಹಾಗೆಯೇ, ಊಟ ಆದ ತಕ್ಷಣ ಕಾಫಿ ಕುಡಿಯುವುದನ್ನು ಬಿಡಿ, ಕಬ್ಬಿಣ ಹೀರುವುದಕ್ಕೆ ಅಡ್ಡಿ. ಮೂಡಿಗೆರೆಯವರಿಗೆ ಇದನ್ನು ಹೇಳುವುದು ವ್ಯರ್ಥ ಎಂದು ಗೊತ್ತಿದೆ.

ಅರವತ್ತರ ಓಟ

ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ನಿವೃತ್ತನಿಗೆ ಸಮಯ ಇದೆ.

ಮೊದಲು ನಿಮ್ಮ ಲೆಕ್ಕ. 19 ಕಿ.ಮೀ.ಗೆ ಎಷ್ಟು ಏರಿದ್ದಿರಿ ಎಂದು ಬರೆದಿಲ್ಲ. ದಾರಿಯ ಅನುಪಾತದಲ್ಲಿ 700 ಮೀಟರ್ ಎಂದುಕೊಳ್ಳೋಣ. ಅಂತರರಾಷ್ಟ್ರೀಯ ಟ್ರೇಲ್ (ಕಾಡು, ಬೆಟ್ಟದ ದಾರಿ) ಓಟದ ಸಂಸ್ಥೆಯವರು ಪ್ರತಿ 100 ಮೀಟರ್ ಏರನ್ನು ಒಂದು ಕಿಲೋಮೀಟರ್ ಎಂದು ಸೇರಿಸುತ್ತಾರೆ. ಹಾಗಾದರೆ ನೀವು ಮುಗಿಸಿದ್ದು 26, ಯೋಜನೆಯದು 43. ಇನ್ನೂ ಹಳೆಯ ಸೂತ್ರ ಬೇಕಿದ್ದರೆ ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಹೇಳಿದ್ದು: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ಚುರುಕಾಗಿ ನಡೆಯುವವನಿಗೆ ನಿಮ್ಮ 19 ಕಿ.ಮೀ. ಸುಮಾರು ಐದು ಗಂಟೆಯ ದಾರಿ. ನೀವು ಕೆಟ್ಟ ದಿನದಲ್ಲಿ, ಕುಳಿತ ಹೊತ್ತನ್ನೂ ಸೇರಿಸಿ, 3 ಗಂಟೆ 20 ನಿಮಿಷದಲ್ಲಿ ಮುಗಿಸಿದ್ದೀರಿ. ‘32 ಮುಗಿಸಲಾಗದವಳು’ ಎಂಬ ಮಾತು ಡಾಂಬರು ರಸ್ತೆಯ ಲೆಕ್ಕ. ಬೆಟ್ಟದಲ್ಲಿ ಗಂಟೆಯ ಲೆಕ್ಕ ಇಟ್ಟುಕೊಳ್ಳಿ, ಕಿಲೋಮೀಟರನ್ನು ಮನೆಗೆ ಬಂದ ಮೇಲೆ ನೋಡಿ.

ಉಳಿದ 13ರ ವಿಷಯ. ಬಿಟ್ಟುಬಿಡಿ. ನಿನ್ನೆ ಬಿಟ್ಟ ಊಟವನ್ನು ಇವತ್ತು ಎರಡು ಪಟ್ಟು ಉಂಡು ತೀರಿಸುವವರಿಲ್ಲ. ಮೈ ಬಲಿಯುವುದು ಓಡುವಾಗ ಅಲ್ಲ, ಓಡಿ ಬಂದು ಮಲಗಿದಾಗ. ಬುಧವಾರದ 13, ಮುಂದಿನ ಶನಿವಾರದ ಓಟವನ್ನೂ ಕೆಡಿಸುತ್ತದೆ, ಆಮೇಲೆ ಅದರ ಬಾಕಿ ತೀರಿಸಲು ಇನ್ನೊಂದು ಬುಧವಾರ.

ಈಗ ನಾನು ಬರೆಯಲು ಕುಳಿತ ವಿಷಯ. ಮೇಲೆ ಎಲ್ಲರೂ ಕಾರಣ ಹುಡುಕುತ್ತಿದ್ದೀರಿ. ತೇವ, ಸೋಡಿಯಂ, ಡೆಂಗಿ, ಮುಟ್ಟು, ಕಬ್ಬಿಣ. ಒಂದೊಂದೂ ಸರಿಯೇ. ಡಾಕ್ಟರು ಕೇಳಿದ್ದನ್ನು ಕೇಳಲೇಬೇಕು, ಏಕೆಂದರೆ ಅಲ್ಲಿ ಅಪಾಯವಿದೆ. ಆದರೆ ಅಪಾಯದ ಕಾರಣಗಳನ್ನು ತಳ್ಳಿಹಾಕಿದ ಮೇಲೂ ಹುಡುಕುತ್ತಲೇ ಇರುವುದು ನಮ್ಮ ಕಾಲದ ಚಾಳಿ. ಗಡಿಯಾರ ನೂರು ಅಂಕಿ ಕೊಡುತ್ತದೆ, ಅದರಲ್ಲಿ ಯಾವುದೋ ಒಂದು ತಪ್ಪಿತಸ್ಥನಂತೆ ಕಂಡೇ ಕಾಣುತ್ತದೆ. ಮುಂದಿನ ವಾರ ಬಾಳೆಹಣ್ಣು ಬಿಡುತ್ತೀರಿ, ಅದರ ಮುಂದಿನ ವಾರ ಷೂ ಬದಲಿಸುತ್ತೀರಿ, ಓಟದ ದಿನದ ಹೊತ್ತಿಗೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಒಂದು ಪದ್ಧತಿಯೂ ಉಳಿದಿರುವುದಿಲ್ಲ. ಒಂದು ಓಟ ಕೆಟ್ಟರೆ ಏನನ್ನೂ ಬದಲಿಸಬೇಡಿ. ಅದೇ ರೀತಿ ಎರಡು, ಮೂರು ಸಾಲಾಗಿ ಕೆಟ್ಟರೆ ಆಗ ಕಾರಣ ತಾನಾಗಿ ಎದುರು ನಿಲ್ಲುತ್ತದೆ.

ಕಡಲತೀರ

ಸರ್, ಗೌರವಪೂರ್ವಕವಾಗಿ ಒಪ್ಪುವುದಿಲ್ಲ. 165 ಎಂಬುದು ಗಡಿಯಾರದ ಭ್ರಮೆಯಲ್ಲ. ಹನ್ನೆರಡನೆಯ ಕಿಲೋಮೀಟರಿನಲ್ಲೇ ಅದನ್ನು ಕಂಡು ವೇಗ ಇಳಿಸಿದ್ದರೆ ಹದಿನೇಳರ ವಾಂತಿ ತಪ್ಪುತ್ತಿತ್ತೇನೋ.

ಅರವತ್ತರ ಓಟ

ಅವರು ಆಗಲೇ ನಡೆಯುತ್ತಿದ್ದರು ಎಂದು ಬರೆದಿದ್ದಾರೆ. ನಡಿಗೆಗಿಂತ ಕೆಳಗೆ ಇಳಿಸುವುದು ಹೇಗೆ?

ಬಯಲುಸೀಮೆ

ಎಲ್ಲರೂ ಸೇರಿ ನನ್ನನ್ನು ಕಟುಕನನ್ನಾಗಿ ಮಾಡಿದ್ದೀರಿ, ಇರಲಿ. ಕಾಲು ಗಂಟೆ ಕುಳಿತು ಮತ್ತೆ ಎರಡು ಕಿ.ಮೀ. ನಡೆದರು ಎಂಬುದನ್ನು ನಾನು ಸರಿಯಾಗಿ ಓದಿರಲಿಲ್ಲ. ಆದರೂ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಹೊಟ್ಟೆ ಕೆಟ್ಟ ಮೇಲೂ ಮುಂದೆ ಸಾಗುವುದು ಒಂದು ಕಲೆ. ದೊಡ್ಡ ಓಟಗಾರರೆಲ್ಲ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಓಡುತ್ತಾರೆ. ನಿಲ್ಲಿಸುವುದು ಅಭ್ಯಾಸವಾದರೆ ಮುಂದಿನ ಸಲ ಇನ್ನೂ ಬೇಗ ನಿಲ್ಲಿಸುತ್ತೇವೆ.

ನಿಧಾನವೇ ಪ್ರಧಾನ

ದೊಡ್ಡ ಓಟಗಾರರ ಮಾತು ಬಂದದ್ದರಿಂದ: ಅಮೆರಿಕದ ಕರ್ಟ್ನಿ ಡೌವಾಲ್ಟರ್ 2021ರ ಜುಲೈನಲ್ಲಿ ಕೊಲರಾಡೊದ ಹಾರ್ಡ್‌ರಾಕ್ 100 ಎಂಬ ನೂರು ಮೈಲಿಯ ಓಟದಲ್ಲಿ ಹೊಟ್ಟೆ ಕೆಟ್ಟು ಅರ್ಧ ದಾರಿ ದಾಟಿದ ಮೇಲೆ ಹೊರಬಂದರು. ಮರುತಿಂಗಳು ಆಲ್ಪ್ಸ್‌ನಲ್ಲಿ ಮಾಂ ಬ್ಲಾಂ ಸುತ್ತುವ ಓಟವನ್ನು ಇಪ್ಪತ್ತೆರಡೂವರೆ ಗಂಟೆಯಲ್ಲಿ ಮುಗಿಸಿ ಹೆಂಗಸರ ದಾಖಲೆಯನ್ನೇ ಮುರಿದರು. ನಿಲ್ಲಿಸುವುದು ಅವರಿಗೆ ಅಭ್ಯಾಸವಾದಂತೆ ಕಾಣಲಿಲ್ಲ. 2023ರಲ್ಲಿ ವೆಸ್ಟರ್ನ್ ಸ್ಟೇಟ್ಸ್, ಹಾರ್ಡ್‌ರಾಕ್, ಮಾಂ ಬ್ಲಾಂ, ಈ ಮೂರು ಓಟಗಳ ಹೆಂಗಸರ ವಿಭಾಗವನ್ನೂ ಒಂದೇ ಬೇಸಿಗೆಯಲ್ಲಿ ಗೆದ್ದರು.

ಇದರ ಇನ್ನೊಂದು ಮುಖ ಚೀನಾದ ಗಾನ್ಸು. 2021ರ ಮೇ 22ರಂದು ಬಾಯಿಯಿನ್ ಬಳಿಯ 100 ಕಿ.ಮೀ. ಓಟದಲ್ಲಿ ಹಠಾತ್ತನೆ ಚಳಿಗಾಳಿ, ಆಲಿಕಲ್ಲು ಮಳೆ ಬಂದು 21 ಓಟಗಾರರು ಮೈ ತಣ್ಣಗಾಗಿ ಸತ್ತರು. ಅವರಲ್ಲಿ ದೇಶದ ಅತ್ಯುತ್ತಮರೂ ಇದ್ದರು. ಬಹಳ ಮಂದಿ ಅರ್ಧ ಚಡ್ಡಿ, ತೆಳು ಅಂಗಿಯಲ್ಲಿದ್ದರು. ಆರು ಜನರನ್ನು ಉಳಿಸಿದ್ದು ಕುರಿ ಕಾಯುವ ಒಬ್ಬಾತ, ತಾನು ಮಳೆಗೆ ಆಶ್ರಯ ಪಡೆದಿದ್ದ ಗುಹೆಗೆ ಕರೆದೊಯ್ದು ಬೆಂಕಿ ಹಾಕಿ. ಹಿಂದಕ್ಕೆ ತಿರುಗಿ ಇಳಿದು ಬಂದವರು ಬದುಕಿದರು.

ಬಯಲುಸೀಮೆ

ಗಾನ್ಸು ಬೇರೆ. ಅದು ಎರಡು ಸಾವಿರ ಮೀಟರ್ ಎತ್ತರದ ಚಳಿ. ಮೂಡಿಗೆರೆಯ ಬಸ್ ತಂಗುದಾಣದಲ್ಲಿ ಯಾರೂ ಹೆಪ್ಪುಗಟ್ಟುವುದಿಲ್ಲ.

ಏಲಕ್ಕಿ ಮಲೆ

ಹೆಪ್ಪುಗಟ್ಟುವುದಿಲ್ಲ, ನಿಜ. ನಾನು ಅದೇ ತಾಲ್ಲೂಕಿನವನು, ಆ ದಾರಿಯಲ್ಲಿ ವಾರಕ್ಕೊಮ್ಮೆಯಾದರೂ ಬೈಕಿನಲ್ಲಿ ಓಡಾಡುತ್ತೇನೆ. ತಂಗುದಾಣದ ಮುಂದೆ ದಾರಿ ಹಳ್ಳಕ್ಕೆ ಇಳಿಯುತ್ತದೆ. ಅಲ್ಲಿಂದ ಏಳೆಂಟು ಕಿಲೋಮೀಟರ್ ಸಿಗ್ನಲ್ ಇಲ್ಲ, ತೋಟದ ಕೆಲಸದವರ ಲೈನ್‌ಮನೆ ಇಲ್ಲ, ಮಳೆ ಹೆಚ್ಚಾದರೆ ಹಳ್ಳ ದಾಟಲಾಗುವುದಿಲ್ಲ. ಅಲ್ಲಿ ಸುಸ್ತಾಗಿ ಕುಳಿತರೆ ಹದಿನೈದು ನಿಮಿಷದಲ್ಲಿ ಒದ್ದೆ ಬಟ್ಟೆಯಲ್ಲಿ ನಡುಕ ಶುರುವಾಗುತ್ತದೆ, ಎರಡು ಸಾವಿರ ಮೀಟರ್ ಬೇಕಾಗಿಲ್ಲ.

ಮತ್ತೆ ಆನೆ. ಬೆಂಗಳೂರಿನವರಿಗೆ ಇದು ಕಥೆಯಂತೆ ಕೇಳಿಸುತ್ತದೆ, ನಮಗೆ ಅಲ್ಲ. ಕಾಫಿ ಗಿಡದ ಎತ್ತರಕ್ಕೆ ಆನೆಯ ಬೆನ್ನು ಕಾಣುವುದು ಬಹಳ ಹತ್ತಿರ ಹೋದ ಮೇಲೆಯೇ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂಡು ಯಾವ ತೋಟದಲ್ಲಿದೆ ಎಂಬ ಸಂದೇಶ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರಿಂದ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತದೆ, ನಿಮ್ಮ ಅಣ್ಣನ ಮೊಬೈಲಿನಲ್ಲೂ ಇರುತ್ತದೆ. ಹೊರಡುವ ಮುನ್ನ ಅದನ್ನು ನೋಡಿ. ಕಾಲು ಎಳೆಯುತ್ತಿದ್ದರೆ, ತಲೆ ಮಂಕಾಗಿದ್ದರೆ ಮುರಿದ ಕೊಂಬೆ, ಹಸಿ ಲದ್ದಿ ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ಕಿಲೋಮೀಟರಿಗೊಮ್ಮೆ ಡಾಂಬರು ರಸ್ತೆ ಮುಟ್ಟುವ ಹಾಗೆ ದಾರಿ ಹಾಕಿಕೊಳ್ಳಿ. ಒಂದೇ ದೊಡ್ಡ ಸುತ್ತಿನ ಬದಲು ಮನೆಯ ಗೇಟಿನಿಂದಲೇ ಎರಡು ಮೂರು ಸಣ್ಣ ಸುತ್ತು ಮಾಡಿದರೆ ನೀರೂ ಹೊರಬೇಕಾಗಿಲ್ಲ, ಒದ್ದೆ ಕಾಲುಚೀಲವನ್ನೂ ಬದಲಿಸಬಹುದು. ನೀವು ಸರಿಯಾದ ಕಡೆಯೇ ನಿಂತಿರಿ.

ರಾಗಿಮುದ್ದೆ

ಮನೆಯ ಗೇಟಿಗೆ ಬಂದರೆ ಅತ್ತಿಗೆಯ ಒಲೆಯ ಮೇಲಿನ ಕಡುಬಿನ ವಾಸನೆ ಬರುತ್ತದೆ. ಮತ್ತೆ ಹೊರಡುವವರು ಯಾರು?

ಬಯಲುಸೀಮೆ

ಮಾನಸಿಕ ತರಬೇತಿ ಬೇಕು ಎಂದರೆ ಅದೇ ನೋಡಿ. ಕಡುಬು ಬಿಟ್ಟು ಎರಡನೆಯ ಸುತ್ತಿಗೆ ಹೊರಡುವುದು. ಏಲಕ್ಕಿ ಮಲೆಯವರ ಸುತ್ತಿನ ಲೆಕ್ಕಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆನೆಯ ವಿಷಯ ನನಗೆ ತಿಳಿದಿರಲಿಲ್ಲ. ನಮ್ಮ ಕಡೆ ಕರಡಿ, ಚಿರತೆ, ಅವು ಸಾಮಾನ್ಯವಾಗಿ ಸದ್ದು ಕೇಳಿದರೆ ತಾವೇ ಸರಿದುಕೊಳ್ಳುತ್ತವೆ. ಆದರೆ 50ಕ್ಕೆ ಹೋಗುವುದಕ್ಕೆ ಮೊದಲು ಒಂದು ಸಲವಾದರೂ, ಮೈ ಬೇಡವೆಂದ ದಿನ, ಸುರಕ್ಷಿತ ದಾರಿಯಲ್ಲಿ ಎರಡು ಗಂಟೆ ಬರೀ ನಡೆಯಿರಿ. ಇಷ್ಟು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ವಾರ್ಡ್ ಡ್ಯೂಟಿ

ಮೈ ಬೇಡವೆಂದದ್ದು ಜ್ವರದಿಂದಲ್ಲ ಎಂದು ಖಾತ್ರಿಯಾದ ದಿನ, ಎಂದು ಸೇರಿಸಿ. ನೆಗಡಿ ಮೂಗಿನಲ್ಲಷ್ಟೇ ಇದ್ದರೆ ಮೆಲ್ಲಗೆ ನಡೆಯಬಹುದು. ಎದೆ, ಹೊಟ್ಟೆ, ಮೈಕೈ ನೋವಿದ್ದರೆ ಹಾಸಿಗೆ.

ತೋಟದ ಹಾದಿ | ಮುಂದಿನ ಭಾನುವಾರ

ಜ್ವರ ಬರಲಿಲ್ಲ. ಹಿಮೋಗ್ಲೋಬಿನ್ ಸರಿಯಿದೆ, ಫೆರಿಟಿನ್ ವರದಿ ಇನ್ನೂ ಬಂದಿಲ್ಲ. ರಾಗಿಮುದ್ದೆಯವರ ಪ್ರಶ್ನೆಗೆ ಉತ್ತರ: ಅಲ್ಲ, ಆ ದಿನಗಳಲ್ಲ. ಬುಧವಾರ ಓಡಲಿಲ್ಲ, ಮಧ್ಯಾಹ್ನದವರೆಗೂ ಓಡಲು ಕಾಲು ತುರಿಸುತ್ತಿತ್ತು, ಆಮೇಲೆ ಕಚೇರಿಯ ಕೆಲಸದಲ್ಲಿ ಮರೆತುಹೋಯಿತು.

ನಿನ್ನೆ ಮನೆಯ ಗೇಟಿನಿಂದ ಸುತ್ತು ಹಾಕಿಕೊಂಡು ನಾಲ್ಕು ಗಂಟೆ ಹೊರಗಿದ್ದೆ. ಅದೇ ಬಾಳೆಹಣ್ಣು, ಅದೇ ಉಂಡೆ, ಅದೇ ಷೂ. ಹೋದ ವಾರಕ್ಕಿಂತ ಗಾಳಿ ಚೆನ್ನಾಗಿತ್ತು, ಕಡಲತೀರದವರು ಇದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಲಿ. ಅದ್ಭುತ ಓಟವೇನಲ್ಲ. ಏರಿನಲ್ಲಿ ಎದೆಬಡಿತ 145ರ ಹತ್ತಿರ ಇತ್ತು, ಕೊನೆಯ ಇಳಿಜಾರಿನಲ್ಲಿ ತೊಡೆ ನೋವು ಬಂತು, ಹೊಟ್ಟೆ ಸುಮ್ಮನಿತ್ತು. ಕಡುಬು ನಿಜವಾಗಿಯೂ ಇತ್ತು. ಒಂದನ್ನು ಎಲೆಯಲ್ಲಿ ಸುತ್ತಿಕೊಂಡು ಎರಡನೆಯ ಸುತ್ತಿಗೆ ಹೋದೆ. ಬೆಟ್ಟದ ಮೇಲೆ ತಿನ್ನಲು ಓಟಗಾರರ ಸಿಹಿ ಜೆಲ್‌ಗಿಂತ ಎಷ್ಟೋ ಪಾಲು ಮೇಲು. 50ಕ್ಕೆ ಹೆಸರು ಹಿಂದಕ್ಕೆ ಪಡೆಯುವುದಿಲ್ಲ.

ಹೊಸ ಸಮಸ್ಯೆ: ಗೇಟಿನ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದ ಒಆರ್‌ಎಸ್ ಬಾಟಲಿಯನ್ನು ಕೋತಿ ಹೊತ್ತೊಯ್ದಿದೆ. ಇಂಬಳಕ್ಕೆ (ಜಿಗಣೆಗೆ) ಹೊಗೆಸೊಪ್ಪಿನ ನೀರಿನಲ್ಲಿ ನೆನೆಸಿದ ಕಾಲುಚೀಲ ಹಾಕಿಕೊಂಡಿದ್ದೆ, ಮೊದಲ ಹಳ್ಳ ದಾಟುತ್ತಲೇ ಎಲ್ಲ ತೊಳೆದುಹೋಯಿತು. ಯಾರಿಗಾದರೂ ಬೇರೆ ಉಪಾಯ ಗೊತ್ತೇ?

ಏಲಕ್ಕಿ ಮಲೆ

ಬಾಟಲಿಯನ್ನು ಮುಚ್ಚಳವಿರುವ ಹಾಲಿನ ಕ್ಯಾನಿನೊಳಗೆ ಇಡಿ. ಇಂಬಳಕ್ಕೆ ಒಂದು ಚಿಕ್ಕ ಬಟ್ಟೆಗಂಟಿನಲ್ಲಿ ಉಪ್ಪು ಕಟ್ಟಿ ಕೈಯಲ್ಲಿ ಹಿಡಿದಿರಿ, ಹತ್ತಿದ ಕಡೆ ಒತ್ತಿದರೆ ಬಿಡುತ್ತದೆ. ಎಳೆದು ಕೀಳಬೇಡಿ. ಮಂಡಿಯವರೆಗಿನ ಬಿಗಿ ನೇಯ್ಗೆಯ ಕಾಲುಚೀಲ ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಸಿಗುತ್ತದೆ, ತೋಟದ ಕೆಲಸದವರು ಹಾಕುವುದು, ಅದೇ ಸಾಕು.

ರಾಗಿಮುದ್ದೆ

ಫೆರಿಟಿನ್ ವರದಿ ಬಂದ ಮೇಲೆ ಇಲ್ಲೇ ಹಾಕಿ.